ಇಂಗಾಲದ ತೆರಿಗೆಯೆಂಬ ಹೆಸರು ಮತ್ತು ಬೊಕ್ಕಸದ ಲೆಕ್ಕ: ಒಂದು ವಿಮರ್ಶೆ

೧

ಭಾರತ ಸರ್ಕಾರವು ಮುಂಗಡಪತ್ರದ ಮುನ್ನಾದಿನಗಳಲ್ಲಿ ವರ್ಷವರ್ಷವೂ ಹೊರಡಿಸುವ ಆರ್ಥಿಕ ಸಮೀಕ್ಷೆಗಳ ಪೈಕಿ ೨೦೧೪-೧೫ನೆಯ ಸಾಲಿನದು ಹಲವು ಕಾರಣಗಳಿಂದ ಗಮನಾರ್ಹವಾದುದು. ಆಗ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ ಸುಬ್ರಮಣಿಯನ್ ಅವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಅದರ ಮೊದಲನೆಯ ಸಂಪುಟದಲ್ಲಿ ಒಂದು ಅಧ್ಯಾಯವು, ಭಾರತವು ಇಂಗಾಲಕ್ಕೆ ಸಹಾಯಧನ ಕೊಡುತ್ತಿದ್ದ ಸ್ಥಿತಿಯನ್ನು ದಾಟಿ ಇಂಗಾಲದ ಮೇಲೆ ತೆರಿಗೆ ವಿಧಿಸುವ ಸ್ಥಿತಿಗೆ ಬಂದಿತೆಂದು ಪ್ರತಿಪಾದಿಸುತ್ತದೆ. ಈ ಪ್ರತಿಪಾದನೆ ಅಲ್ಲಿಗೇ ನಿಲ್ಲಲಿಲ್ಲ. ಪ್ಯಾರಿಸ್ ಒಪ್ಪಂದದ ಪೂರ್ವಭಾವಿಯಾಗಿ ೨೦೧೫ರಲ್ಲಿ ನಮ್ಮ ದೇಶವು ವಿಶ್ವಸಂಸ್ಥೆಗೆ ಒಪ್ಪಿಸಿದ ಹೇಳಿಕೆಯಲ್ಲಿಯೂ ಅದು ಸೇರಿತು. ಆ ಮೇಲಿನ ಅನೇಕ ಲೇಖನಗಳಲ್ಲಿ ಸಿದ್ಧವಾದ ಸಂಗತಿಯೆಂಬಂತೆ ಉದ್ಧೃತವಾಯಿತು.

ನಾವು ಅರ್ಥಶಾಸ್ತ್ರಜ್ಞರಲ್ಲ, ಇತಿಹಾಸದ ವಿದ್ಯಾರ್ಥಿಗಳು. ಆದರೆ ತೆರಿಗೆಗಳಿಗೂ ಇತಿಹಾಸವುಂಟು. ಒಂದು ತೆರಿಗೆ ಯಾವ ಹೆಸರಿನಿಂದ ಹುಟ್ಟಿತು, ಯಾವ ಖಾತೆಗೆ ಜಮೆಯಾಯಿತು, ಕೊನೆಗೆ ಯಾವುದಕ್ಕೆ ಖರ್ಚಾಯಿತು, ಅದರ ಭಾರವನ್ನು ಯಾರು ಹೊತ್ತರು — ಈ ನಾಲ್ಕು ಪ್ರಶ್ನೆಗಳಿಗೆ ದಾಖಲೆಗಳಿಂದ ಉತ್ತರ ಹುಡುಕುವುದು ಇತಿಹಾಸಕಾರನ ಕೆಲಸವೇ ಆಗಿದೆ. ಸಮೀಕ್ಷೆಯ ವಾದವನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅಂದಿನಿಂದ ಇಂದಿನವರೆಗೆ ಹತ್ತು ವರ್ಷಗಳಿಗೂ ಮೀರಿದ ಕಾಲ ಕಳೆದಿರುವುದರಿಂದ, ಆ ವಾದ ಎಷ್ಟರಮಟ್ಟಿಗೆ ನಿಂತಿತು ಎಂಬುದನ್ನು ಹೇಳಲು ಸಾಕಷ್ಟು ಸಾಮಗ್ರಿ ಒದಗಿದೆ.

೨

ಮೊದಲು ಸಮೀಕ್ಷೆಯ ವಾದವನ್ನು ನ್ಯಾಯವಾಗಿ ನಿರೂಪಿಸಬೇಕು. ಕಲ್ಲಿದ್ದಲು, ಎಣ್ಣೆ ಮೊದಲಾದವನ್ನು ಉರಿಸಿದಾಗ ಹೊರಬೀಳುವ ಇಂಗಾಲಾಮ್ಲ ವಾಯುವಿನಿಂದ ಲೋಕಕ್ಕೆಲ್ಲ ಹಾನಿಯುಂಟು. ಉರಿಸುವವನು ಮಾತ್ರ ಅದರ ಬೆಲೆ ತೆರುವುದಿಲ್ಲ. ಆ ಬೆಲೆಯನ್ನು ತೆರಿಗೆಯ ರೂಪದಲ್ಲಿ ವಸೂಲು ಮಾಡಿದರೆ ಜನರು ತಾವಾಗಿಯೇ ಕಡಿಮೆ ಉರಿಸುವರು. ಇದು ಇಂಗಾಲದ ತೆರಿಗೆಯ ತತ್ತ್ವ. ಭಾರತದಲ್ಲಿ ಬಹುಕಾಲ ಇದಕ್ಕೆ ವಿರುದ್ಧವಾದುದೇ ನಡೆದಿತ್ತು. ಡೀಸೆಲ್ಲು, ಸೀಮೆಎಣ್ಣೆಗಳನ್ನು ಖರೀದಿಯ ಬೆಲೆಗಿಂತ ಅಗ್ಗವಾಗಿ ಮಾರಿ ನಷ್ಟವನ್ನು ಸರ್ಕಾರ ತುಂಬಿಕೊಡುತ್ತಿತ್ತು. ೨೦೧೦ರ ಜೂನ್ ತಿಂಗಳಲ್ಲಿ ಪೆಟ್ರೋಲಿನ, ೨೦೧೪ರ ಅಕ್ಟೋಬರ್ ತಿಂಗಳಲ್ಲಿ ಡೀಸೆಲ್ಲಿನ ಬೆಲೆ ನಿಯಂತ್ರಣ ತೆಗೆದುಹೋಯಿತು. ಅದೇ ವೇಳೆಗೆ ಕಚ್ಚಾ ತೈಲದ ಬೆಲೆ ಕುಸಿಯಲು ಸರ್ಕಾರವು ಅಬಕಾರಿ ಸುಂಕವನ್ನು ಏರಿಸತೊಡಗಿತು. ಕಲ್ಲಿದ್ದಲಿನ ಮೇಲಿನ ಸೆಸ್ಸು ಕೂಡ ಏರಿತು. ಸಹಾಯಧನವೆಂಬುದು ಋಣಾತ್ಮಕ ತೆರಿಗೆ. ಅದು ಹೋಗಿ ಧನಾತ್ಮಕ ತೆರಿಗೆ ಬಂದುದರಿಂದ ಇಂಗಾಲಕ್ಕೆ ನಮ್ಮಲ್ಲಿ ಬೆಲೆ ಬಂದಂತಾಯಿತು. ಇದು ಸಮೀಕ್ಷೆಯ ತರ್ಕಸರಣಿ.

ಈ ತರ್ಕದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳುವುದಿಲ್ಲ. ಬೆಲೆ ಹೆಚ್ಚಿದರೆ ಬಳಕೆ ತಗ್ಗುವುದು ಸಹಜ. ಸುಂಕ ವಿಧಿಸಿದವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಇಂಗಾಲಾಮ್ಲವು ಕೇಳುವುದಿಲ್ಲ. ಡೀಸೆಲ್ ಸಹಾಯಧನದ ದೊಡ್ಡ ಪಾಲು ಬಡವರಿಗಿಂತ ಉಳ್ಳವರಿಗೇ ಸಲ್ಲುತ್ತಿತ್ತೆಂಬ ಆಕ್ಷೇಪಣೆಯೂ ಹುರುಳಿಲ್ಲದುದಲ್ಲ. ಆದರೆ ಸಮೀಕ್ಷೆಯು ಬೆಲೆಯನ್ನು ಮಾತ್ರ ನೋಡಿತು. ಬಂದ ಹಣ ಎಲ್ಲಿಗೆ ಹೋಯಿತೆಂಬುದನ್ನು ತನ್ನ ವಾದದ ಅಂಗವಾಗಿ ಮಾಡಿಕೊಳ್ಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದರ ಮೂಲಭೂತ ಕೊರತೆ ಇದೇ. ಏಕೆಂದರೆ ಇಂಗಾಲದ ತೆರಿಗೆಯಿಂದ ಒಂದು ಸಂಸಾರದ ಜೀವನವೆಚ್ಚ ಏರುವುದೋ ಇಳಿಯುವುದೋ ಎಂಬುದು ತೆರಿಗೆಯ ದರವೊಂದರಿಂದಲೇ ನಿರ್ಧಾರವಾಗುವುದಿಲ್ಲ. ಅದರ ಉತ್ಪತ್ತಿಯನ್ನು ಏನು ಮಾಡಲಾಯಿತೆಂಬುದೇ ಅದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

೩

ಕಲ್ಲಿದ್ದಲಿನ ಸೆಸ್ಸಿನ ಚರಿತ್ರೆಯನ್ನು ಕ್ರಮವಾಗಿ ನೋಡೋಣ. ೨೦೧೦ನೆಯ ಇಸವಿಯ ಮುಂಗಡಪತ್ರದಲ್ಲಿ ಅರ್ಥಸಚಿವ ಪ್ರಣವ್ ಮುಖರ್ಜಿಯವರು ಶುದ್ಧ ಇಂಧನ ಸೆಸ್ಸನ್ನು ಸೂಚಿಸಿದರು. ಅದೇ ವರ್ಷದ ಜುಲೈ ೧ರಿಂದ ದೇಶೀಯ ಮತ್ತು ಆಮದು ಕಲ್ಲಿದ್ದಲಿನ ಮೇಲೆ ಟನ್ನಿಗೆ ೫೦ ರೂಪಾಯಿಯಂತೆ ಅದು ಜಾರಿಗೆ ಬಂದಿತು. ಶುದ್ಧ ಇಂಧನದ ಸಂಶೋಧನೆಗೂ ಹೊಸ ಯೋಜನೆಗಳಿಗೂ ಹಣ ಒದಗಿಸುವ ರಾಷ್ಟ್ರೀಯ ಶುದ್ಧ ಇಂಧನ ನಿಧಿಗೆ ಅದರ ಉತ್ಪತ್ತಿ ಸಲ್ಲಬೇಕೆಂಬುದು ಘೋಷಿತ ಉದ್ದೇಶ. ೨೦೧೪ರಲ್ಲಿ ದರವು ೧೦೦ ರೂಪಾಯಿಗೂ, ೨೦೧೫ರಲ್ಲಿ ೨೦೦ಕ್ಕೂ, ೨೦೧೬ರಲ್ಲಿ ೪೦೦ಕ್ಕೂ ಏರಿತು. ಉದ್ದೇಶದ ವ್ಯಾಪ್ತಿಯನ್ನು ಪರಿಸರ ರಕ್ಷಣೆಯ ಇತರ ಕಾರ್ಯಗಳಿಗೂ ಹಿಗ್ಗಿಸಿ, ಕಡೆಗೆ ಹೆಸರನ್ನೂ ಶುದ್ಧ ಪರಿಸರ ಸೆಸ್ಸೆಂದು ಬದಲಾಯಿಸಲಾಯಿತು.

ಲೆಕ್ಕದ ಪುಸ್ತಕವು ಬೇರೆಯೇ ಕಥೆಯನ್ನು ಹೇಳುತ್ತದೆ. ೨೦೧೦-೧೧ರಿಂದ ೨೦೧೭-೧೮ರವರೆಗೆ ಈ ಸೆಸ್ಸಿನಿಂದ ಸಂಗ್ರಹವಾದುದು ಸುಮಾರು ೮೬,೪೪೦ ಕೋಟಿ ರೂಪಾಯಿ. ಅದರಲ್ಲಿ ನಿಧಿಗೆ ವರ್ಗವಾದುದು ಸುಮಾರು ೨೯,೬೪೫ ಕೋಟಿ. ನಿಧಿಯಿಂದ ಯೋಜನೆಗಳಿಗೆ ದೊರೆತುದು ಸುಮಾರು ೧೫,೯೧೧ ಕೋಟಿ. ಎಂದರೆ ಜನರು ತೆತ್ತ ಪ್ರತಿ ನೂರು ರೂಪಾಯಿಯಲ್ಲಿ ನಿಧಿಯನ್ನು ಮುಟ್ಟಿದ್ದು ಮೂವತ್ತನಾಲ್ಕು, ಉದ್ದಿಷ್ಟ ಕಾರ್ಯವನ್ನು ಮುಟ್ಟಿದ್ದು ಹದಿನೆಂಟು. ಮಿಕ್ಕುದು ಸರ್ಕಾರದ ಸಾಮಾನ್ಯ ವೆಚ್ಚದಲ್ಲಿ ಬೆರೆತುಹೋಯಿತು.

೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಬಂದಿತು. ಶುದ್ಧ ಪರಿಸರ ಸೆಸ್ಸು ರದ್ದಾಗಿ, ಅದೇ ೪೦೦ ರೂಪಾಯಿ ಪರಿಹಾರ ಸೆಸ್ಸೆಂಬ ಹೊಸ ಹೆಸರಿನಲ್ಲಿ ಮುಂದುವರಿಯಿತು. ಹೊಸ ತೆರಿಗೆಯಿಂದ ರಾಜ್ಯಗಳಿಗೆ ವರಮಾನ ಖೋತಾ ಆದರೆ, ೨೦೧೫-೧೬ರ ವರಮಾನವನ್ನು ಆಧಾರವಾಗಿಟ್ಟುಕೊಂಡು ವರ್ಷಕ್ಕೆ ಶೇಕಡಾ ೧೪ರ ಬೆಳವಣಿಗೆಯ ಲೆಕ್ಕದಲ್ಲಿ ಐದು ವರ್ಷ ತುಂಬಿಕೊಡುವುದಾಗಿ ಕೇಂದ್ರವು ಮಾತು ಕೊಟ್ಟಿತ್ತು. ಆ ಮಾತನ್ನು ಉಳಿಸಿಕೊಳ್ಳಲು ಕಲ್ಲಿದ್ದಲು ಸಾಧನವಾಯಿತು. ಶುದ್ಧ ಇಂಧನದೊಡನೆ ಅದಕ್ಕಿದ್ದ ಹೆಸರಿನ ಸಂಬಂಧವೂ ಅಂದಿಗೆ ಕಡಿದುಹೋಯಿತು.

ಇಷ್ಟರಲ್ಲಿ ೨೦೨೦ರ ಸಾಂಕ್ರಾಮಿಕ ರೋಗ ಬಂದು ಸೆಸ್ಸಿನ ಉತ್ಪತ್ತಿಯೇ ಕುಗ್ಗಿತು. ರಾಜ್ಯಗಳಿಗೆ ಕೊಡಬೇಕಾದ ಪರಿಹಾರಕ್ಕಾಗಿ ಕೇಂದ್ರವು ೨೦೨೦-೨೧ರಲ್ಲಿ ೧.೧೦ ಲಕ್ಷ ಕೋಟಿ, ೨೦೨೧-೨೨ರಲ್ಲಿ ೧.೫೯ ಲಕ್ಷ ಕೋಟಿ ರೂಪಾಯಿಗಳನ್ನು ಸಾಲವೆತ್ತಿ ರಾಜ್ಯಗಳಿಗೆ ದಾಟಿಸಿತು. ದೊಡ್ಡ ಪಾಲನ್ನು ಪಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ೨೦೨೨ರ ಜೂನ್ ತಿಂಗಳಿಗೆ ಮುಗಿಯಬೇಕಾಗಿದ್ದ ಪರಿಹಾರ ಸೆಸ್ಸನ್ನು, ಈ ಸಾಲದ ಅಸಲು ಬಡ್ಡಿಗಳನ್ನು ತೀರಿಸುವುದಕ್ಕಾಗಿ ೨೦೨೬ರ ಮಾರ್ಚ್ ೩೧ರವರೆಗೆ ವಿಸ್ತರಿಸಲಾಯಿತು. ಅಲ್ಲಿಗೆ ಚಕ್ರವು ಪೂರ್ಣವಾಯಿತು. ಶುದ್ಧ ಇಂಧನದ ಹೆಸರಿನಲ್ಲಿ ಹುಟ್ಟಿದ ತೆರಿಗೆಯು ಹನ್ನೆರಡು ವರ್ಷಗಳಲ್ಲಿ ಸರ್ಕಾರದ ಸಾಲ ತೀರಿಸುವ ತೆರಿಗೆಯಾಗಿ ಪರಿಣಮಿಸಿತು.

ಇದರ ಅಂತ್ಯವೂ ಗಮನಿಸತಕ್ಕದ್ದಾಗಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಕಲ್ಲಿದ್ದಲಿನ ಮೇಲಿನ ಪರಿಹಾರ ಸೆಸ್ಸನ್ನು ತೆಗೆದುಹಾಕಿ, ಸರಕು ಮತ್ತು ಸೇವಾ ತೆರಿಗೆಯನ್ನು ಶೇಕಡಾ ೫ರಿಂದ ೧೮ಕ್ಕೆ ಏರಿಸಲಾಯಿತು. ಸಾಲದ ಬಾಕಿಗೆಂದು ತಂಬಾಕಿನ ಸರಕುಗಳ ಮೇಲಿನ ಸೆಸ್ಸನ್ನು ಮಾತ್ರ ಮತ್ತಷ್ಟು ಕಾಲ ಉಳಿಸಿಕೊಳ್ಳಲಾಯಿತು. ಟನ್ನಿಗೆ ೧,೫೦೦ ರೂಪಾಯಿ ಬೆಲೆಯ ಕಲ್ಲಿದ್ದಲಿಗೆ ಹಿಂದೆ ೭೫ ರೂಪಾಯಿ ತೆರಿಗೆಯೂ ೪೦೦ ರೂಪಾಯಿ ಸೆಸ್ಸೂ ಸೇರಿ ೪೭೫ ರೂಪಾಯಿ ಬೀಳುತ್ತಿತ್ತು. ಈಗ ಬೀಳುವುದು ೨೭೦. ಟನ್ನಿಗೆ ೪,೦೦೦ ರೂಪಾಯಿ ಬೆಲೆಯುಳ್ಳದಕ್ಕೆ ಹಿಂದೆ ೬೦೦, ಈಗ ೭೨೦. ಹೀಗೆ ಅಗ್ಗವಾದ, ಬೂದಿ ಹೆಚ್ಚಾದ ಕಲ್ಲಿದ್ದಲಿಗೆ ತೆರಿಗೆ ಇಳಿದು, ಬೆಲೆಯುಳ್ಳ ಕಲ್ಲಿದ್ದಲಿಗೆ ಏರಿತು. ತೂಕದ ಮೇಲಿನ ತೆರಿಗೆ ಬೆಲೆಯ ಮೇಲಿನ ತೆರಿಗೆಯಾಯಿತೇ ಹೊರತು ಇಂಗಾಲದ ಮೇಲಿನ ತೆರಿಗೆ ಎರಡು ಕಾಲದಲ್ಲಿಯೂ ಆಗಲಿಲ್ಲ.

೪

ಒಂದು ಉದ್ದೇಶಕ್ಕೆಂದು ಹೇಳಿ ವಸೂಲು ಮಾಡಿದ ತೆರಿಗೆ ಇನ್ನೊಂದಕ್ಕೆ ಸಲ್ಲುವುದು ನಮ್ಮ ದೇಶದಲ್ಲಿ ಹೊಸದಲ್ಲ. ೧೮೭೬-೭೮ರ ಮಹಾಕ್ಷಾಮದ ತರುವಾಯ, ಲಿಟ್ಟನ್ ಪ್ರಭು ವೈಸರಾಯಿಯಾಗಿದ್ದಾಗ, ಅರ್ಥಸದಸ್ಯ ಸರ್ ಜಾನ್ ಸ್ಟ್ರೇಚಿಯವರು ಕ್ಷಾಮ ವಿಮೆಯ ಯೋಜನೆಯನ್ನು ಮಂಡಿಸಿದರು. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಮಿಗತೆಯನ್ನು ಹೊಸ ತೆರಿಗೆಗಳಿಂದ ಸಂಪಾದಿಸಿ, ಸುಭಿಕ್ಷ ಕಾಲದಲ್ಲಿ ಸರ್ಕಾರದ ಸಾಲವನ್ನು ತಗ್ಗಿಸಿಕೊಂಡು, ಮುಂದಿನ ಕ್ಷಾಮಕ್ಕೆ ಸಿದ್ಧವಾಗಿರಬೇಕೆಂಬುದು ಅದರ ಸಾರಾಂಶ. ವ್ಯಾಪಾರಿಗಳ ಮೇಲೆ ೧೮೭೮ರಲ್ಲಿ ಲೈಸೆನ್ಸ್ ತೆರಿಗೆ ಬಿದ್ದಿತು. ಅದೇ ವರ್ಷದ ಕೊನೆಗೆ ಆಫ್ಘನ್ ಯುದ್ಧ ಆರಂಭವಾಯಿತು. ಯುದ್ಧದ ಖರ್ಚು ಬಂದೊಡನೆ ಆ ಮಿಗತೆ ಕರಗಿತು. ತೆರಿಗೆ ಮಾತ್ರ ಕರಗಲಿಲ್ಲ. ಅದು ಮುಂದುವರಿದು ೧೮೮೬ರ ವರಮಾನ ತೆರಿಗೆಯಲ್ಲಿ ಲೀನವಾಯಿತು. ಕ್ಷಾಮದ ಹೆಸರಿನಲ್ಲಿ ಕೊಟ್ಟ ಮಾತಿಗೆ ತಪ್ಪಿದರೆಂಬ ದೂರು ಆ ಕಾಲದ ಭಾರತೀಯ ಪತ್ರಿಕೆಗಳಲ್ಲಿ ಬಹಳ ದಿನ ಕೇಳಿಬಂದಿತು.

ಇದೇ ಕ್ಷಾಮವು ಸಾಲದ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಮೈಸೂರು ಸೀಮೆಯ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದುದು ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ಆ ವರ್ಷ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ, ಕ್ಷಾಮದ ನಿಮಿತ್ತ ಮಾಡಿದ ೮೦ ಲಕ್ಷ ರೂಪಾಯಿ ಸಾಲವೂ ಜತೆಯಲ್ಲೇ ಬಂದಿತು. ಜನ ಸಾಯುತ್ತಿರುವಾಗ ಸಾಲ ಮಾಡುವುದು ದೋಷವಲ್ಲ. ಸಾಲ ಮಾಡದಿರುವುದೇ ದೋಷ. ೨೦೨೦ರ ಸಾಲವನ್ನೂ ನಾವು ಇದೇ ದೃಷ್ಟಿಯಿಂದ ನೋಡುತ್ತೇವೆ. ಆದುದರಿಂದ ನಮ್ಮ ಆಕ್ಷೇಪಣೆ ಸಾಲ ಮಾಡಿದುದರ ಮೇಲಲ್ಲ. ಅದನ್ನು ಯಾರಿಂದ, ಯಾವ ಹೆಸರಿನಲ್ಲಿ ತೀರಿಸಿಕೊಳ್ಳಲಾಯಿತೆಂಬುದರ ಮೇಲೆ.

೫

ಸಮೀಕ್ಷೆಯ ವಾದಕ್ಕೆ ಎರಡನೆಯ ಆಧಾರ ಪೆಟ್ರೋಲು ಮತ್ತು ಡೀಸೆಲ್ಲಿನ ಸುಂಕ. ೨೦೧೪ರ ಏಪ್ರಿಲ್ ತಿಂಗಳಲ್ಲಿ ಕೇಂದ್ರದ ಅಬಕಾರಿ ಸುಂಕವು ಲೀಟರಿಗೆ ಪೆಟ್ರೋಲಿನ ಮೇಲೆ ೯.೪೮, ಡೀಸೆಲ್ಲಿನ ಮೇಲೆ ೩.೫೬ ರೂಪಾಯಿ ಇದ್ದಿತು. ೨೦೧೪ರ ನವೆಂಬರಿನಿಂದ ೨೦೧೬ರ ಜನವರಿಯೊಳಗೆ ಒಂಬತ್ತು ಸಲ ಅದನ್ನು ಏರಿಸಲಾಯಿತು. ಸಮೀಕ್ಷೆ ಹೊರಬರುವ ವೇಳೆಗೆ ಇವುಗಳಲ್ಲಿ ಕೆಲವು ಜಾರಿಗೆ ಬಂದಿದ್ದುವು. ೨೦೨೦ರ ಮೇ ತಿಂಗಳಲ್ಲಿ, ದೇಶವೇ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಒಂದೇ ಏಟಿಗೆ ಪೆಟ್ರೋಲಿಗೆ ೧೦, ಡೀಸೆಲ್ಲಿಗೆ ೧೩ ರೂಪಾಯಿ ಏರಿ, ಸುಂಕವು ಕ್ರಮವಾಗಿ ೩೨.೯೮ ಮತ್ತು ೩೧.೮೩ ರೂಪಾಯಿ ಮುಟ್ಟಿತು. ೨೦೨೧ರ ನವೆಂಬರಿನಲ್ಲಿಯೂ ೨೦೨೨ರ ಮೇ ತಿಂಗಳಲ್ಲಿಯೂ ಇಳಿಸಿದ್ದರಿಂದ ೧೯.೯೦ ಮತ್ತು ೧೫.೮೦ಕ್ಕೆ ಬಂದು, ೨೦೨೫ರ ಏಪ್ರಿಲಿನಲ್ಲಿ ಎರಡೆರಡು ರೂಪಾಯಿ ಮರಳಿ ಏರಿತು.

ಈ ಏರಿಳಿತಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ನಿಯಮ ಸ್ಪಷ್ಟವಾಗಿ ಕಾಣುತ್ತದೆ. ಕಚ್ಚಾ ತೈಲ ಅಗ್ಗವಾದಾಗ ಸುಂಕ ಏರುತ್ತದೆ. ದುಬಾರಿಯಾಗಿ ಜನ ಕೂಗಿಕೊಂಡಾಗ ಇಳಿಯುತ್ತದೆ. ಬೊಕ್ಕಸ ಬರಿದಾದಾಗ ನೆಗೆಯುತ್ತದೆ. ಇಂಗಾಲದ ತೆರಿಗೆ ಹೀಗಿರುವುದಿಲ್ಲ. ಜನರು ತಮ್ಮ ವಾಹನ, ಯಂತ್ರ, ಒಲೆಗಳನ್ನು ಬದಲಾಯಿಸಿಕೊಳ್ಳಲು ಅನುವಾಗುವಂತೆ ಅದು ಮುಂಚಿತವಾಗಿ ಗೊತ್ತಾದ ಕ್ರಮದಲ್ಲಿ ಏರಬೇಕು. ಮೇಲ್ಕಂಡ ಸುಂಕವು ಇಂಗಾಲದ ಬಳಕೆಯನ್ನು ಎಷ್ಟೋ ತಗ್ಗಿಸಿರಬಹುದು. ಆದರೆ ಅದು ನಡೆದದ್ದು ಬೊಕ್ಕಸದ ಗಡಿಯಾರದಂತೆ.

ಇಲ್ಲಿಯೂ ಸಾಲದ ಮಾತು ಬಂದಿತು. ಹಿಂದಿನ ಸರ್ಕಾರವು ಸಹಾಯಧನವನ್ನು ನಗದಾಗಿ ಕೊಡದೆ ತೈಲ ಕಂಪೆನಿಗಳಿಗೆ ಬಾಂಡುಗಳನ್ನು ಕೊಟ್ಟಿತ್ತು. ಅವುಗಳ ಭಾರದಿಂದಲೇ ಸುಂಕವನ್ನು ಇಳಿಸಲಾಗುತ್ತಿಲ್ಲವೆಂದು ೨೦೨೧ರ ಆಗಸ್ಟ್ ತಿಂಗಳಲ್ಲಿ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು ಹೇಳಿದರು. ಅವರೇ ಕೊಟ್ಟ ಅಂಕಿಗಳಂತೆ ಏಳು ವರ್ಷಗಳಲ್ಲಿ ತೆತ್ತ ಬಡ್ಡಿ ೭೦,೧೯೫ ಕೋಟಿ ರೂಪಾಯಿ; ಉಳಿದ ಅಸಲು ಸುಮಾರು ೧.೩೦ ಲಕ್ಷ ಕೋಟಿ. ಬಾಂಡುಗಳು ಕೆಟ್ಟ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ. ಇಂದಿನ ಅಗ್ಗದ ಎಣ್ಣೆಯ ಬೆಲೆಯನ್ನು ನಾಳಿನವರ ತಲೆಗೆ ಕಟ್ಟುವ ಉಪಾಯವದು. ಆದರೆ ೨೦೨೦-೨೧ರ ಒಂದೇ ವರ್ಷದಲ್ಲಿ ಪೆಟ್ರೋಲು ಡೀಸೆಲ್ಲುಗಳ ಅಬಕಾರಿ ಸುಂಕದಿಂದ ಬಂದುದು ಸುಮಾರು ೩.೩೫ ಲಕ್ಷ ಕೋಟಿ. ಏಳು ವರ್ಷಗಳ ಬಡ್ಡಿಗೆ ಆ ಒಂದು ವರ್ಷದ ಎರಡೂವರೆ ತಿಂಗಳ ಉತ್ಪತ್ತಿ ಸಾಕಾಗಿತ್ತು. ಅಸಲನ್ನು ಕೂಡಿಸಿದರೂ ಒಟ್ಟು ಎರಡು ಲಕ್ಷ ಕೋಟಿಯಷ್ಟೆ. ಆದಕಾರಣ ಬಾಂಡುಗಳು ಸುಂಕಕ್ಕೆ ಒಂದು ನೆಪವಾಗಬಹುದು, ಪೂರ್ಣ ಕಾರಣವಾಗಲಾರವು. ಅದೇ ನವೆಂಬರಿನಲ್ಲಿ ಸುಂಕ ಇಳಿದುದೂ ಇದಕ್ಕೆ ಸಾಕ್ಷಿ. ಬಾಂಡುಗಳು ಆಗಲೂ ಇದ್ದುವು.

ಒಂದೇ ಸುಂಕಕ್ಕೆ ಒಮ್ಮೆ ಇಂಗಾಲದ ಹೆಸರನ್ನೂ ಇನ್ನೊಮ್ಮೆ ಸಾಲದ ಹೆಸರನ್ನೂ ಕೊಟ್ಟುದು ಸರ್ಕಾರದ ಅನುಕೂಲವನ್ನು ತೋರಿಸುತ್ತದೆಯೇ ವಿನಾ ಸುಂಕದ ಸ್ವರೂಪವನ್ನಲ್ಲ.

೬

ಇನ್ನು ಸಂಸಾರದ ಖರ್ಚಿಗೆ ಬರೋಣ. ಪೆಟ್ರೋಲಿನ ಬೆಲೆಯನ್ನು ಬಂಕಿನ ಫಲಕದ ಮೇಲೆ ಕಾಣಬಹುದು. ಕಲ್ಲಿದ್ದಲಿನ ತೆರಿಗೆ ಕಾಣುವುದಿಲ್ಲ. ಅದು ಗಣಿಯಲ್ಲಿ ಹುಟ್ಟಿ, ವಿದ್ಯುತ್ ಸ್ಥಾವರವನ್ನು ಹೊಕ್ಕು, ವಿತರಣ ಕಂಪೆನಿಯ ಖರೀದಿ ಬೆಲೆಯಲ್ಲಿ ಸೇರಿ, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಒಪ್ಪಿದ ದರದಲ್ಲಿಯೋ ಇಂಧನ ಹೊಂದಾಣಿಕೆಯ ಬಾಬಿನಲ್ಲಿಯೋ ಮನೆಯ ಬಿಲ್ಲಿಗೆ ಬರುತ್ತದೆ. ವಿದ್ಯುತ್ತು ಸರಕು ಮತ್ತು ಸೇವಾ ತೆರಿಗೆಯ ಹೊರಗೆ ಉಳಿದಿರುವುದರಿಂದ, ಕಲ್ಲಿದ್ದಲಿನ ಮೇಲೆ ತೆತ್ತುದನ್ನು ಸ್ಥಾವರದವರು ಬೇರೆ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಅದು ಪೂರ್ತಿಯಾಗಿ ವಿದ್ಯುತ್ತಿನ ವೆಚ್ಚದಲ್ಲಿಯೇ ಕೂಡುತ್ತದೆ.

ಸ್ಥೂಲವಾದ ಒಂದು ಲೆಕ್ಕ ಹಾಕೋಣ. ಒಂದು ಯೂನಿಟ್ ವಿದ್ಯುತ್ತಿಗೆ ಮೂರರಲ್ಲೆರಡು ಪಾಲು ಕಿಲೋ ಕಲ್ಲಿದ್ದಲು ಬೇಕೆಂದಿಟ್ಟುಕೊಂಡರೆ, ಟನ್ನಿಗೆ ೪೦೦ ರೂಪಾಯಿ ಸೆಸ್ಸು ಯೂನಿಟ್ಟಿಗೆ ಸುಮಾರು ೨೭ ಪೈಸೆಯಾಗುತ್ತದೆ. ತಿಂಗಳಿಗೆ ೫೦ ಯೂನಿಟ್ ಬಳಸುವ ಬಡ ಸಂಸಾರಕ್ಕೆ, ಅದೆಲ್ಲವೂ ಕಲ್ಲಿದ್ದಲಿನ ವಿದ್ಯುತ್ತೇ ಆದರೆ, ವರ್ಷಕ್ಕೆ ೧೬೨ ರೂಪಾಯಿ. ನಮ್ಮ ರಾಜ್ಯದಲ್ಲಿ ಶರಾವತಿ, ಕಾಳಿ ನದಿಗಳ ಜಲವಿದ್ಯುತ್ತೂ ಪಾವಗಡದ ಸೌರವಿದ್ಯುತ್ತೂ ರಾಯಚೂರು ಬಳ್ಳಾರಿಗಳ ಉಷ್ಣವಿದ್ಯುತ್ತಿನೊಡನೆ ಬೆರೆಯುವುದರಿಂದ ಭಾರ ಇನ್ನೂ ಕಡಿಮೆ. ಇದು ಅಲ್ಪವೆಂದು ಯಾರಾದರೂ ಹೇಳಬಹುದು. ಆದರೆ ಬಿಲ್ಲು ಒಂದೇ ದಾರಿಯಲ್ಲ. ಸಿಮೆಂಟು, ಇಟ್ಟಿಗೆ, ಕಬ್ಬಿಣ, ಹಿಟ್ಟಿನ ಗಿರಣಿ, ಬೋರ್‌ವೆಲ್ಲಿನ ನೀರು — ಎಲ್ಲದರಲ್ಲಿಯೂ ಕಲ್ಲಿದ್ದಲಿನ ಪಾಲಿದೆ.

ಈಗ ಇನ್ನೊಂದು ಬದಿಯನ್ನು ನೋಡಬೇಕು. ೨೦೨೪-೨೫ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ನೂರು ಕೋಟಿ ಟನ್ನನ್ನು ಮೀರಿತು. ಟನ್ನಿಗೆ ೪೦೦ ರೂಪಾಯಿಯಂತೆ ನೂರು ಕೋಟಿ ಟನ್ನಿಗೆ ೪೦,೦೦೦ ಕೋಟಿ ರೂಪಾಯಿ. ದೇಶದಲ್ಲಿ ಸ್ಥೂಲವಾಗಿ ಮೂವತ್ತು ಕೋಟಿ ಸಂಸಾರಗಳೆಂದಿಟ್ಟುಕೊಂಡು ಇದನ್ನು ಸಮನಾಗಿ ಹಂಚಿದರೆ ಸಂಸಾರಕ್ಕೆ ವರ್ಷಕ್ಕೆ ೧,೩೦೦ ರೂಪಾಯಿಗೆ ಮೇಲಾಗುತ್ತದೆ. ಬಡ ಸಂಸಾರವು ಬಿಲ್ಲಿನಲ್ಲಿಯೂ ಸರಕುಗಳ ಬೆಲೆಯಲ್ಲಿಯೂ ತೆರುವುದು ಸರಾಸರಿಗಿಂತ ಕಡಿಮೆಯಾದುದರಿಂದ, ಹಾಗೆ ಹಂಚಿದ್ದರೆ ಇದೇ ತೆರಿಗೆ ಅದರ ಜೀವನವೆಚ್ಚವನ್ನು ಇಳಿಸುತ್ತಿತ್ತು. ಹಂಚದೆ ಸಾಲಕ್ಕೆ ಹಾಕಿದುದರಿಂದ ಏರಿಸಿತು. ದರವೂ ಒಂದೇ, ಕಲ್ಲಿದ್ದಲೂ ಒಂದೇ, ಹೊಗೆಯೂ ಒಂದೇ, ಭೇದವಿರುವುದು ಖಾತೆಯಲ್ಲಿ. ಸಮೀಕ್ಷೆ ಕೇಳದೆ ಬಿಟ್ಟ ಪ್ರಶ್ನೆಯ ಬೆಲೆ ಇಷ್ಟು.

ನಮ್ಮ ರಾಜ್ಯದ ಅನುಭವವೂ ಇದಕ್ಕೆ ಹೊರತಲ್ಲ. ೨೦೨೩ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಿಂದ ೨೦೦ ಯೂನಿಟ್ಟಿನ ಮಿತಿಯೊಳಗೆ ಬಳಸುವ ಮನೆಗಳ ಬಿಲ್ಲನ್ನು ರಾಜ್ಯ ಸರ್ಕಾರವೇ ಭರಿಸತೊಡಗಿತು. ಕಲ್ಲಿದ್ದಲಿನ ತೆರಿಗೆ ಆ ಮನೆಗಳಿಂದ ಎದ್ದು ರಾಜ್ಯದ ಬೊಕ್ಕಸದ ಮೇಲೆ ಕುಳಿತಿತು. ೨೦೨೪ರ ಜೂನ್ ತಿಂಗಳಲ್ಲಿ ಅದೇ ರಾಜ್ಯವು ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ ೨೫.೯೨ರಿಂದ ೨೯.೮೪ಕ್ಕೂ, ಡೀಸೆಲ್ಲಿನದನ್ನು ಸುಮಾರು ೧೪.೩ರಿಂದ ೧೮.೪ಕ್ಕೂ ಏರಿಸಿತು, ಲೀಟರಿಗೆ ಸುಮಾರು ಮೂರು, ಮೂರೂವರೆ ರೂಪಾಯಿ ಹೆಚ್ಚಿತು. ೨೦೨೫ರ ಏಪ್ರಿಲಿನಲ್ಲಿ ಡೀಸೆಲ್ಲಿನ ತೆರಿಗೆ ೨೧.೧೭ಕ್ಕೆ ಏರಿತು. ಬಿಲ್ಲಿನಲ್ಲಿ ಉಳಿದ ಹಣದಲ್ಲಿ ಒಂದಂಶ ಲಾರಿಯ ಬಾಡಿಗೆಯ ಮೂಲಕ ತರಕಾರಿಯ ಬೆಲೆಯಲ್ಲಿ ಮರಳಿ ಹೋಗುವುದನ್ನು ಗೃಹಿಣಿಯರು ಅರ್ಥಶಾಸ್ತ್ರಜ್ಞರಿಗಿಂತ ಮೊದಲೇ ಅರಿಯುವರು.

೭

ಹಣವನ್ನು ಜನರಿಗೆ ಹಿಂದಿರುಗಿಸುವ ಮಾರ್ಗವು ಬರಿಯ ಕಲ್ಪನೆಯಲ್ಲ. ಕೆನಡಾ ದೇಶದಲ್ಲಿ ಅದು ಆರು ವರ್ಷ ನಡೆಯಿತು. ೨೦೧೮ರ ಶಾಸನದಂತೆ ೨೦೧೯ರ ಏಪ್ರಿಲ್‌ನಿಂದ, ಸ್ವಂತ ವ್ಯವಸ್ಥೆ ಇಲ್ಲದ ಪ್ರಾಂತಗಳಲ್ಲಿ, ಟನ್ನು ಇಂಗಾಲಾಮ್ಲಕ್ಕೆ ೨೦ ಡಾಲರಿನಂತೆ ಇಂಧನದ ಮೇಲೆ ತೆರಿಗೆ ಬಿದ್ದಿತು. ಅದು ಮೊದಲೇ ಪ್ರಕಟಿಸಿದ ಕ್ರಮದಲ್ಲಿ ಏರುತ್ತ ೨೦೨೪ರಲ್ಲಿ ೮೦ ಡಾಲರಾಯಿತು. ಪೆಟ್ರೋಲಿನ ಲೀಟರಿಗೆ ೧೭.೬೧ ಸೆಂಟು. ಉತ್ಪತ್ತಿಯಲ್ಲಿ ಶೇಕಡಾ ೯೦ರಷ್ಟನ್ನು ಸಂಸಾರಗಳಿಗೆ ನೇರವಾಗಿ ಹಿಂದಿರುಗಿಸಲಾಗುತ್ತಿತ್ತು. ಆ ದೇಶಕ್ಕೆ ಸಾಲವಿರಲಿಲ್ಲವೆಂದಲ್ಲ. ೨೦೨೩-೨೪ರಲ್ಲಿ ಅಲ್ಲಿನ ಕೇಂದ್ರ ಸರ್ಕಾರವು ಸಾಲದ ಬಾಬು ತೆತ್ತ ಬಡ್ಡಿ ೪,೭೦೦ ಕೋಟಿ ಡಾಲರಿಗೂ ಹೆಚ್ಚು. ಆದರೂ ಇಂಗಾಲದ ಖಾತೆಯನ್ನು ಸಾಲದ ಖಾತೆಯೊಡನೆ ಬೆರೆಸಲಿಲ್ಲ.

ಹೀಗಿದ್ದೂ ಆ ತೆರಿಗೆ ಉಳಿಯಲಿಲ್ಲ. ಬೆಲೆಯೇರಿಕೆ ೨೦೨೨ರ ಜೂನ್ ತಿಂಗಳಲ್ಲಿ ಶೇಕಡಾ ೮.೧ಕ್ಕೆ ಮುಟ್ಟಿದಾಗ ಜನರ ಸಿಟ್ಟು ತೆರಿಗೆಯ ಮೇಲೆ ತಿರುಗಿತು. ತೆರಿಗೆಯನ್ನು ಬಂಕಿನಲ್ಲಿ ಪ್ರತಿವಾರ ಕಾಣುತ್ತಿದ್ದರು. ಮೂರು ತಿಂಗಳಿಗೊಮ್ಮೆ ಬ್ಯಾಂಕಿನ ಖಾತೆಗೆ ಸದ್ದಿಲ್ಲದೆ ಬರುತ್ತಿದ್ದ ಹಣವನ್ನು ಅನೇಕರು ಗುರುತಿಸಲೇ ಇಲ್ಲ. ೨೦೨೩ರಲ್ಲಿ ಮನೆ ಕಾಯಿಸುವ ಎಣ್ಣೆಗೆ ಮಾತ್ರ ವಿನಾಯಿತಿ ಕೊಟ್ಟುದರಿಂದ ಸಮಾನತೆಯ ವಾದವೂ ಮುಕ್ಕಾಯಿತು. ಸಂಸತ್ತಿನ ಮುಂಗಡಪತ್ರ ಅಧಿಕಾರಿಯ ವರದಿಗಳು, ಹಿಂದಿರುಗುವ ಹಣವನ್ನು ಮಾತ್ರ ಲೆಕ್ಕ ಹಿಡಿದಾಗ ಹೆಚ್ಚಿನ ಸಂಸಾರಗಳಿಗೆ ಲಾಭವೆಂದೂ, ದೇಶದ ಒಟ್ಟು ವರಮಾನದ ಮೇಲಣ ಪರಿಣಾಮವನ್ನು ಕೂಡಿಸಿದಾಗ ಅನೇಕರಿಗೆ ನಷ್ಟವೆಂದೂ ಹೇಳಿದುವು. ಎರಡನೆಯ ಲೆಕ್ಕದಲ್ಲಿ ದೊಡ್ಡ ಕೈಗಾರಿಕೆಗಳ ಮೇಲಿನ ಬೇರೆಯ ತೆರಿಗೆಯೂ ಪ್ರಮಾದದಿಂದ ಸೇರಿತ್ತೆಂದು ಕಚೇರಿಯೇ ೨೦೨೪ರಲ್ಲಿ ಒಪ್ಪಿ ತಿದ್ದಿಕೊಂಡಿತು. ಅಷ್ಟರಲ್ಲಿ ವಾದವಿವಾದ ಮೀರಿಹೋಗಿತ್ತು. ೨೦೨೫ರ ಏಪ್ರಿಲ್ ೧ರಿಂದ ಆ ಸುಂಕವನ್ನು ತೆಗೆದುಹಾಕಲಾಯಿತು. ಮಾರ್ಚಿನಲ್ಲಿ ಶೇಕಡಾ ೨.೩ ಇದ್ದ ಬೆಲೆಯೇರಿಕೆ ಏಪ್ರಿಲಿನಲ್ಲಿ ೧.೭ಕ್ಕೆ ಇಳಿಯಿತು. ಜನರಿಗೆ ಬರುತ್ತಿದ್ದ ಹಣವೂ ಅದೇ ತಿಂಗಳ ಕಂತಿನೊಡನೆ ನಿಂತಿತು; ಆದರ ನಷ್ಟ ಬೆಲೆಸೂಚಿಯಲ್ಲಿ ಕಾಣುವಂತಹುದಲ್ಲ.

ಕೆನಡಾದ ಪಾಠವನ್ನು ಹೀಗೆ ಸಂಗ್ರಹಿಸಬಹುದು: ಲೆಕ್ಕ ಶುದ್ಧವಾಗಿದ್ದರೆ ಸಾಲದು, ಅದು ತೆರುವವನ ಕಣ್ಣಿಗೆ ಕಾಣಬೇಕು. ನಮ್ಮಲ್ಲಾದರೋ ತೆರಿಗೆ ಕಾಣದಂತಿದ್ದುದರಿಂದಲೇ ಅದಕ್ಕೆ ವಿರೋಧ ಹುಟ್ಟಲಿಲ್ಲ.

೮

ನಮ್ಮ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ಸರ್ಕಾರದ ಹಣವೆಲ್ಲ ಒಂದೇ ಕೆರೆಯ ನೀರು, ಈ ತೂಬಿನದು ಈ ಗದ್ದೆಗೆ ಎಂದು ಗೆರೆ ಕೊರೆಯುವುದು ಅರ್ಥನೀತಿಗೆ ಒಪ್ಪುವುದಿಲ್ಲ. ಇದು ತೂಕವುಳ್ಳ ಮಾತು. ಆದರೆ ಗೆರೆ ಕೊರೆದವರು ನಾವಲ್ಲ. ನಿಧಿಯ ಹೆಸರು ಹೇಳಿ ತೆರಿಗೆ ಹಾಕಿದ ಶಾಸನವೇ ಕೊರೆಯಿತು. ಹೆಸರಿನಿಂದ ಬಂದ ಸಮ್ಮತಿಯನ್ನು ಪಡೆದ ಮೇಲೆ ಹೆಸರಿನ ಹೊಣೆಯನ್ನೂ ಹೊರಬೇಕು.

ಎರಡನೆಯದು: ಸಾಲ ತೀರಿಸುವುದೂ ಸಂಸಾರಗಳಿಗೆ ಹಿತವೇ, ಕಲ್ಲಿದ್ದಲಿನಿಂದ ತೀರಿಸದಿದ್ದರೆ ಬೇರೊಂದು ತೆರಿಗೆಯಿಂದ ತೀರಿಸಬೇಕಾಗುತ್ತಿತ್ತು. ೨೦೨೫-೨೬ರ ಕೇಂದ್ರ ಮುಂಗಡಪತ್ರದ ಅಂದಾಜಿನಲ್ಲಿ ೫೦.೬೫ ಲಕ್ಷ ಕೋಟಿ ರೂಪಾಯಿ ವೆಚ್ಚದ ಪೈಕಿ ಬಡ್ಡಿಗೇ ೧೨.೭೬ ಲಕ್ಷ ಕೋಟಿ ಹೋಗುವುದನ್ನು ಕಂಡರೆ, ಸಾಲವನ್ನು ಅಲಕ್ಷ್ಯ ಮಾಡಿರೆಂದು ಯಾರೂ ಹೇಳಲಾರರು. ಆದರೆ ಯಾವ ತೆರಿಗೆಯಿಂದ ತೀರಿಸುವುದೆಂಬುದು ಯಾರಿಂದ ತೀರಿಸುವುದೆಂಬ ಪ್ರಶ್ನೆಯೇ ಆಗಿದೆ. ವರಮಾನ ತೆರಿಗೆಯಿಂದ ತೀರಿಸಿದರೆ ವರಮಾನವುಳ್ಳವರು ತೆರುವರು. ಕಲ್ಲಿದ್ದಲಿನಿಂದ ತೀರಿಸಿದರೆ ದೀಪ ಹಚ್ಚುವವರೆಲ್ಲರೂ ತೆರುವರು. ಇದು ಸಂಸತ್ತಿನಲ್ಲಿ ಬಹಿರಂಗವಾಗಿ ಚರ್ಚೆಯಾಗಬೇಕಾದ ಆಯ್ಕೆ. ಪರಿಸರದ ತೆರಿಗೆಯೊಂದಕ್ಕೆ ಹೆಸರು ಬದಲಾಯಿಸಿ, ಆ ಮೇಲೆ ಅವಧಿ ವಿಸ್ತರಿಸಿ ಮಾಡಿದುದರಿಂದ ಆ ಚರ್ಚೆಗೆ ಅವಕಾಶವೇ ದೊರೆಯಲಿಲ್ಲ.

ಹೀಗಿರಲಾಗಿ, ೨೦೧೪-೧೫ರ ಸಮೀಕ್ಷೆಯ ವಾದದಲ್ಲಿ ಅರ್ಧಾಂಶವನ್ನು ನಾವು ಒಪ್ಪುತ್ತೇವೆ. ಭಾರತವು ಇಂಗಾಲಕ್ಕೆ ಸಹಾಯಧನ ಕೊಡುವುದನ್ನು ಬಹುಮಟ್ಟಿಗೆ ಬಿಟ್ಟಿತೆಂಬುದು ನಿಜ. ಅದರ ಬದಲು ಇಂಗಾಲದ ತೆರಿಗೆಯನ್ನು ಪಡೆಯಿತೆಂಬುದು ದಾಖಲೆಗಳಿಂದ ಸಿದ್ಧವಾಗುವುದಿಲ್ಲ. ಅದು ಪಡೆದುದು ಇಂಧನದ ಮೇಲಿನ ವರಮಾನ ಸಾಧನವನ್ನು. ಈ ಭೇದ ಕೇವಲ ಶಬ್ದದ್ದಲ್ಲ. ೨೦೨೨ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಶಾಸನವನ್ನು ಆಧರಿಸಿ ೨೦೨೩ರಲ್ಲಿ ಇಂಗಾಲದ ಸಾಲಪತ್ರಗಳ ವ್ಯಾಪಾರ ಯೋಜನೆ ಪ್ರಕಟವಾಗಿದೆ. ಇಂಗಾಲಕ್ಕೆ ಬೆಲೆ ಕಟ್ಟುವ ಕಾರ್ಯ ನಮ್ಮಲ್ಲಿ ಇನ್ನು ಮುಂದೆ ನಡೆಯಬೇಕಾಗಿದೆ. ಆಗ ಜನರು ಹಿಂದಿನ ಲೆಕ್ಕವನ್ನು ಕೇಳುವರು. ಕೇಳುವುದು ಅವರ ಹಕ್ಕು. ದರವು ಇಂಗಾಲಕ್ಕೆ ಅನುಗುಣವಾಗಿದೆಯೇ, ಖಾತೆ ಪ್ರತ್ಯೇಕವಾಗಿದೆಯೇ, ಹಿಂದಿರುಗುವ ಹಣ ಬಡವನ ಕೈಗೆ ಕಾಣುವಂತೆ ಬರುತ್ತದೆಯೇ — ಈ ಮೂರಕ್ಕೂ ಹೌದೆಂಬ ಉತ್ತರ ದೊರೆಯುವವರೆಗೆ, ಯಾವ ಸುಂಕವನ್ನೂ ಇಂಗಾಲದ ತೆರಿಗೆಯೆಂದು ಕರೆಯುವಾಗ ವಿದ್ವಾಂಸರು ಸ್ವಲ್ಪ ಸಂಯಮವನ್ನು ತೋರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.